ಬೋಣಿಯಾಗದ ಪೇಟೆ

"ಕೇಳ್ರಪ್ಪೋ ಕೇಳ್ರಿ. ಬೊಕ್ಕಸದ ಬಾಗಿಲಲ್ಲಿ ಕೂತ ಭೂತ ಮೂರು ಒಗಟು ಹಾಕುತ್ತೆ. ಬಿಡಿಸಿದವನಿಗೆ ಬೀಗದ ಕೈ, ಅವನು ಹೇಳಿದಂತೆ ಖರ್ಚು. ತಪ್ಪಿದವನ ತಲೆ ಭೂತದ ಗೂಡಿಗೆ."

ಕಂಬಾಪುರದ ಅರಸ ಮುದ್ದಭೂಪ ಹೀಗೆ ಡಂಗುರ ಹೊಡೆಸಿದ. ಹೊಡೆಸದೆ ಏನು ಮಾಡ್ತಾನೆ ಪಾಪ? ಪೇಟೆ ಸತ್ತಿತ್ತು. ಬೋಣಿ ಆಗದೆ, ಅಂದ್ರೆ ದಿನದ ಮೊದಲ ಕಾಸು ಕೈಗೆ ಬೀಳದೆ, ಆ ಊರಲ್ಲಿ ಯಾರೂ ತಮ್ಮ ಗಂಟು ಬಿಚ್ಚುವಂತಿಲ್ಲ. ಎಣ್ಣೆಯವನು ಕೊಳ್ಳಲಿ ಅಂತ ಬಳೆಗಾರ ಕಾದ, ನೇಕಾರ ಕೊಳ್ಳಲಿ ಅಂತ ಎಣ್ಣೆಯವನು, ಬಳೆಗಾರ ಕೊಳ್ಳಲಿ ಅಂತ ನೇಕಾರ. ಕಾದೂ ಕಾದೂ ಎಲ್ಲರ ಒಲೆ ಆರಿತು.

ಕ್ಷೌರದ ತಿಪ್ಪೇಶಿಗೂ ಗಿರಾಕಿ ಇಲ್ಲ. ಊರ ಗಂಡಸರೆಲ್ಲ ಕರಡಿಗಳು. ಅವನವ್ವ ಹುಣಸೆಬೀಜ ಬೇಯಿಸಿ ತಿನ್ನೋದು ನೋಡಲಾರದೆ ಅವನೂ ಬೊಕ್ಕಸಕ್ಕೆ ಹೋದ.

ಬೊಕ್ಕಸದ ಮುಚ್ಚಿದ ಬಾಗಿಲ ಮುಂದಿನ ಪಡಸಾಲೆಯಲ್ಲಿ ಥಂಡಿ. ಭೂತದ ಗಡ್ಡ ಬೇರಿನಂತೆ ನೆಲವೆಲ್ಲ ಹರಡಿತ್ತು. ಗೋಡೆಯ ಗೂಡುಗಳಲ್ಲಿ ತಲೆಗಳು ಕಣ್ಣು ಮಿಟುಕಿಸುತ್ತಿದ್ದವು.

"ಹಿಡಿದಿಟ್ಟವನನ್ನು ಕೊಲ್ಲುತ್ತೆ, ಬಿಟ್ಟವನನ್ನು ಬದುಕಿಸುತ್ತೆ. ಏನದು?" ಅಂತ ಕೇಳಿತು ಭೂತ.

"ಹಾವು," ಅಂದ ಮುಂದೆ ನಿಂತಿದ್ದ ಸಾಹುಕಾರ. ಅವನ ತಲೆ ಗೂಡಿಗೆ ಹೋಯಿತು.

"ಉಸಿರು," ಅಂದ ತಿಪ್ಪೇಶಿ. ಭೂತ ಹೌದೆಂದು ತಲೆಯಾಡಿಸಿತು.

"ನೆತ್ತಿಗೆ ಸುರಿದರೆ ಜಾರುತ್ತೆ, ಬುಡಕ್ಕೆ ಸುರಿದರೆ ನೆತ್ತಿಗೇರುತ್ತೆ."

"ಎಣ್ಣೆ," ಅಂದ ಸಾಲಲ್ಲಿ ನಿಂತಿದ್ದ ಅರಸನ ಮಂತ್ರಿ. ಇನ್ನೊಂದು ಗೂಡು ತುಂಬಿತು.

"ಗಿಡಕ್ಕೆ ಹಾಕೋ ನೀರು," ಅಂದ ತಿಪ್ಪೇಶಿ.

"ಒಂದೇ ಒಂದು. ಊರಿಗೆಲ್ಲ ಉಣಿಸುತ್ತೆ, ಸವೆಯದೆ ಸಂಜೆಗೆ ಮನೆಗೆ ಬರುತ್ತೆ."

"ಸೂರ್ಯ ಅನ್ನು ತಮ್ಮಾ," ಗೂಡಿನ ತಲೆಗಳು ಪಿಸುಗುಟ್ಟಿದವು. "ಇಲ್ಲಿ ಬೇಜಾರು. ನೀನೂ ಬಾ."

ತಿಪ್ಪೇಶಿ ತನ್ನ ಕುತ್ತಿಗೆ ಮುಟ್ಟಿಕೊಂಡ. ಅವ್ವನ ಆರಿದ ಒಲೆ ನೆನಪಾಯಿತು.

"ಬೋಣಿ ಕಾಸು," ಅಂದ.

ಬಾಗಿಲು ತಾನೇ ತೆರೆಯಿತು. ತಲೆಗಳು ಮುಂಡಗಳಿಗೆ ಹಾರಿದವು. ಅವಸರದಲ್ಲಿ ಒಂದೆರಡು ಅದಲುಬದಲಾದವು, ಯಾರಿಗೂ ಗೊತ್ತಾಗಲಿಲ್ಲ.

ಅರಸ ಬಂದು ಬೀಗದ ಕೈ ಕೊಟ್ಟು ಕೇಳಿದ: "ಈಗೇನು ಮಾಡೋಣಪ್ಪ?"

"ಬೊಕ್ಕಸ ಅಂದ್ರೆ ಬಿಗಿಹಿಡಿದ ಉಸಿರು, ದೊರೆ. ಬಿಡಿ. ಸಾಹುಕಾರರ ನೆತ್ತಿಗೆ ಸುರಿಯಬೇಡಿ, ಬುಡದಲ್ಲಿರೋ ಮನೆಮನೆಗೂ ಒಂದೊಂದು ನಾಣ್ಯ ಹಾಕಿ. ಎಲ್ಲರಿಗೂ ಬೋಣಿಯಾಗಲಿ."

"ಪುಕ್ಕಟೆ ಕೊಟ್ಟರೆ ಜನ ಸೋಮಾರಿಗಳಾಗ್ತಾರೆ," ಅಂದ ಮಂತ್ರಿ, ತಲೆ ಸರಿಮಾಡಿಕೊಳ್ಳುತ್ತ.

"ಗೂಡಲ್ಲಿ ಕೂತವರು ನೀವು ಸ್ವಾಮಿ, ನಿಮಗೇ ಗೊತ್ತು."

ಅರಸ ನಕ್ಕು ಮೊದಲ ನಾಣ್ಯವನ್ನು ತಿಪ್ಪೇಶಿಗೇ ಕೊಟ್ಟ. ಅವನು ಕಚ್ಚಿ ನೋಡಿದ, ಹಲ್ಲಿನ ಗುರುತು ಬಿತ್ತು. ಅವ್ವ ಅದರಲ್ಲಿ ಜೋಳ ತಂದಳು. ಜೋಳದವನು ನೇಕಾರನಿಗೆ ಕೊಟ್ಟ, ನೇಕಾರ ಎಣ್ಣೆಯವನಿಗೆ, ಎಣ್ಣೆಯವನು ಬಳೆಗಾರನಿಗೆ. ಬಳೆಗಾರ ಊರಬಾಗಿಲ ಸುಂಕಕ್ಕೆ ಕಟ್ಟಿದ, ಸುಂಕ ಬೊಕ್ಕಸ ಸೇರಿತು. ಓಣಿಯಲ್ಲೆಲ್ಲ ಹೊಗೆ ಎದ್ದಿತು, ಒಲೆಯ ಹೊಗೆ.

ಮುಸ್ಸಂಜೆ ತಿಪ್ಪೇಶಿಯ ಅಂಗಡಿಗೆ ಯಾರೋ ಬಂದು ಕೂತರು. ಗಡ್ಡ ಹೊಸಿಲಾಚೆವರೆಗೂ ಇತ್ತು. ಕನ್ನಡಿಯಲ್ಲಿ ಮಾತ್ರ ಕುರ್ಚಿ ಖಾಲಿ.

ಹಲ್ಲಿನ ಗುರುತಿದ್ದ ನಾಣ್ಯವನ್ನು ತಿಪ್ಪೇಶಿಯ ಅಂಗೈಗೆ ಇಟ್ಟು ಭೂತ ತಲೆ ಹಿಂದಕ್ಕೆ ಒರಗಿಸಿತು, ಕುತ್ತಿಗೆ ಒಡ್ಡಿತು.

"ಕತ್ತಿ ಮೆಲ್ಲಗೆ ಆಡಿಸಪ್ಪ," ಅಂದಿತು. "ಇವತ್ತು ಹೆದರೋ ಪಾಳಿ ನನ್ನದು."