ಎರಡು ಪಾವು ಅಕ್ಕಿ

ಬುಧವಾರ ಮಧ್ಯಾಹ್ನ ಮಠದ ದಾಸೋಹದಲ್ಲಿ ಗಂಭೀರ ಘಟನೆಯೊಂದು ನಡೆಯಿತು. ಮರುಳಸಿದ್ಧನೆಂಬ ಶಿಷ್ಯ ಪಾಯಸ ಬೇಡವೆಂದು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದ. ಬಡಿಸುತ್ತಿದ್ದವರ ಸೌಟು ಗಾಳಿಯಲ್ಲೇ ನಿಂತಿತು. ಸುದ್ದಿ ಮೊದಲು ಅಡುಗೆಮನೆಗೆ, ಅಲ್ಲಿಂದ ಗೋಶಾಲೆಗೆ ಹೋಯಿತು. ಸಂಜೆಯ ಹೊತ್ತಿಗೆ ಗುರುಗಳಿಗೂ ತಲುಪಿತು. ಪ್ರಾಣಾಪಾಯವೇನೂ ಆಗಿರಲಿಲ್ಲ.

ಗುರುಗಳು ಹೇಳಿಕಳಿಸುವ ಮೊದಲೇ ಮರುಳಸಿದ್ಧ ಓಡಿ ಬಂದ. ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ್ದ.

“ಗುರುಗಳೇ, ಇವತ್ತಿಗೆ ಒಂದು ತಿಂಗಳು! ಅನ್ನ ಅರ್ಧ ಮಾಡಿದೆ, ಸಕ್ಕರೆ ಬಿಟ್ಟೆ, ಕರಿದದ್ದು ಮುಟ್ಟುವುದಿಲ್ಲ. ಮೈ ಅರಳೆಯ ಹಾಗೆ ಹಗುರಾಗಿದೆ. ಆರೋಗ್ಯವಾಗಿರಲು ಇನ್ನು ಯಾವುದರ ಕಡೆ ಗಮನ ಕೊಡಲಿ, ಹೇಳಿ.”

“ಮೊದಲು ಕೂತುಕೋ,” ಎಂದರು ಗುರುಗಳು.

ಮರುಳಸಿದ್ಧ ಕೂತ. ಪೂರ್ತಿ ಕೂರಲಿಲ್ಲ.

ಗುರುಗಳು ಹೇಳಿದರು:

ಒಬ್ಬ ಜವಳಿ ವರ್ತಕನಿದ್ದ. ಐವತ್ತು ದಾಟಿದ ವರ್ಷ ಅವನ ರಕ್ತದಲ್ಲಿ ಸಕ್ಕರೆ ಏರಿದೆಯೆಂದು ವೈದ್ಯರು ಹೇಳಿದರು. ಅವನ ತಂದೆ ಅದೇ ಕಾಯಿಲೆಯಲ್ಲಿ ಒಂದು ಕಾಲು ಕಳೆದುಕೊಂಡಿದ್ದರು. ವರ್ತಕ ಹೆದರಿದ. ಗುಳಿಗೆಯ ಜೊತೆಗೆ ಊಟವೂ ಬದಲಾಗಬೇಕೆಂದು ತಿಳಿದು ಆಹಾರ ತಜ್ಞೆಯೊಬ್ಬಳ ಬಳಿಗೆ ಹೋದ.

“ಅನ್ನ ಒಂದು ಸೌಟು ಸಾಕು,” ಎಂದಳು ಆಕೆ. “ಅರ್ಧ ತಟ್ಟೆ ಪಲ್ಯ, ಕೋಸಂಬರಿ ಇರಲಿ. ಸಾರಿನಲ್ಲಿ ಬೇಳೆ ಕಾಣಲಿ. ಉಂಡ ಮೇಲೆ ಸ್ವಲ್ಪ ನಡೆಯಿರಿ.”

“ಪುಡಿ, ಬೇರು, ಕಷಾಯ, ಅಂಥದ್ದೇನೂ ಇಲ್ಲವೇ?”

“ಹೀರೇಕಾಯಿ ಇದೆಯಲ್ಲ.”

ವರ್ತಕ ನಿರಾಶೆಯಿಂದ ಮನೆಗೆ ಬಂದ. ಹದಿನೈದು ದಿನ ಹೇಳಿದಂತೆ ಉಂಡ. ಮೈಯ ಭಾರ ಇಳಿಯಿತು, ಮಧ್ಯಾಹ್ನದ ತೂಕಡಿಕೆ ಹೋಯಿತು. ಆಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ. ಸೀರೆ ಕೊಳ್ಳಲು ಬಂದವರಿಗೆ ಮೊದಲು ಸೊಪ್ಪಿನ ಗುಣ ವಿವರಿಸಿ, ಆಮೇಲೆ ಸೀರೆ ಬಿಚ್ಚಿದ. ಅಂಗಡಿಯ ಟೇಪು ಮನೆಗೆ ತಂದು ದಿನವೂ ಬೆಳಿಗ್ಗೆ ಸೊಂಟ ಅಳೆದುಕೊಂಡ. ಅರ್ಧ ಅಂಗುಲ ಇಳಿದ ದಿನ ಬೀದಿಗೆ ಕೇಳುವಂತೆ ಕೂಗಿದ. ಎದುರು ಮನೆಯವರು ಏನಾಯಿತೋ ಎಂದು ಓಡಿ ಬಂದರು. ಅವರಿಗೆ ಟೇಪು ತೋರಿಸಿದ.

“ಹೀರೇಕಾಯಿಗೆ ಒಂದು ಗುಡಿ ಕಟ್ಟಿಸಿಬಿಡಿ,” ಎಂದು ಹೆಂಡತಿ ನಕ್ಕಳು. ಅವಳಿಗೆ ಅವನಿಗಿಂತ ಹೆಚ್ಚು ಸಂತೋಷವಾಗಿತ್ತು. ಮಾವನ ಕಾಲಿಗೆ ಎರಡು ವರ್ಷ ಬಟ್ಟೆ ಸುತ್ತಿದವಳು ಅವಳೇ.

ಆ ಮನೆಯಲ್ಲಿ ಹೊತ್ತಿಗೆ ಎರಡು ಪಾವು ಅಕ್ಕಿ ಬೇಯುತ್ತಿತ್ತು, ತಲೆಗೆ ಒಂದು ಪಾವಿನಂತೆ. ಅತ್ತೆ ಇದ್ದಾಗ ಅದು ಮೂರು ಪಾವಾಗಿತ್ತು. ಅತ್ತೆ ತೀರಿಕೊಂಡು, ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಒಂದು ಪಾವು ಇಳಿಯಿತು. ಒಂದು ಜೀವ ಹೋದಾಗ ಮಾತ್ರ ಅಕ್ಕಿಯ ಅಳತೆ ಇಳಿಸುವುದು ಆ ಮನೆಯ ಪದ್ಧತಿ. ಆದ್ದರಿಂದ ಗಂಡ ಉಣ್ಣುವುದು ಒಂದೇ ಸೌಟೆಂದು ಗೊತ್ತಿದ್ದೂ ಅವಳು ಎರಡು ಪಾವನ್ನೇ ಅಳೆದಳು. ಅನ್ನ ಚೆಲ್ಲುವ ಪದ್ಧತಿಯಂತೂ ಅಲ್ಲಿ ಎಂದೂ ಇರಲಿಲ್ಲ. ಗಂಡ ಉಂಡು, ಕೈತೊಳೆದು, ನಡೆಯಲು ಹೋಗುತ್ತಿದ್ದ. ಅವಳು ಒಬ್ಬಳೇ ಕೂತು ತನ್ನ ಅನ್ನ ಉಣ್ಣುತ್ತಿದ್ದಳು. ಅದು ಮುಗಿದ ಮೇಲೆ ಅವನದನ್ನು ಉಣ್ಣುತ್ತಿದ್ದಳು. ಪಲ್ಯ ಅಷ್ಟು ಹೊತ್ತಿಗೆ ಮುಗಿದಿರುತ್ತಿತ್ತು. ಬಂಧುಗಳು ಅವನಿಗೆಂದು ತಂದ ಹೋಳಿಗೆ, ಕರ್ಜಿಕಾಯಿಗಳಿಗೂ ಅದೇ ಗತಿಯಾಯಿತು.

ತಿಂಗಳುಗಳು ಕಳೆದವು. ಅವಳು ಮೆಟ್ಟಿಲ ಮೇಲೆ ನಿಂತು ನಿಂತು ಹತ್ತತೊಡಗಿದಳು. ಚೊಂಬುಗಟ್ಟಲೆ ನೀರು ಕುಡಿಯತೊಡಗಿದಳು. ಅದನ್ನು ಕಂಡ ವರ್ತಕ, ಒಳ್ಳೆಯ ಅಭ್ಯಾಸಗಳು ಇಡೀ ಮನೆಗೆ ಹಬ್ಬುತ್ತಿವೆಯೆಂದು ಹಿಗ್ಗಿದ.

ವರ್ಷ ತುಂಬುವಾಗ ಅವನ ಸಕ್ಕರೆ ಇನ್ನೂರ ಹತ್ತರಿಂದ ನೂರ ಹದಿನೈದಕ್ಕೆ ಇಳಿದಿತ್ತು. ಊರಿನ ವರ್ತಕರು ಸಭೆ ಸೇರಿ ಅವನಿಗೆ ಶಾಲು ಹೊದಿಸಿದರು. ಶಾಲು ಅವನ ಅಂಗಡಿಯದ್ದೇ. ಅವನು ಹೀರೇಕಾಯಿಯ ಬಗ್ಗೆ ನಲವತ್ತು ನಿಮಿಷ ಮಾತಾಡಿದ. ಸಭೆ ಎರಡು ಬಾರಿ ಚಪ್ಪಾಳೆ ತಟ್ಟಿತು, ಎರಡನೆಯದು ಮಾತು ಮುಗಿಯಿತೆಂದು ತಪ್ಪಾಗಿ ತಿಳಿದು.

ಮರುದಿನ ಗಂಡಹೆಂಡಿರು ಫಲತಾಂಬೂಲ ಹಿಡಿದು ಆಹಾರ ತಜ್ಞೆಯನ್ನು ಕಾಣಲು ಹೋದರು. ವರ್ತಕ ಟೇಪನ್ನೂ ತಂದಿದ್ದ. ಆಕೆ ಟೇಪಿನ ಕಡೆ ನೋಡಲಿಲ್ಲ. ಹೆಂಡತಿಯ ಕಾಲ್ಬೆರಳಿಗೆ ಸುತ್ತಿದ್ದ ಬಟ್ಟೆಯನ್ನು ನೋಡಿದಳು.

“ಇದೇನಮ್ಮ?”

“ಹೊಸ್ತಿಲು ಎಡವಿದ್ದು. ಎರಡು ತಿಂಗಳಾಯಿತು. ಅರಿಸಿನ ಹಚ್ಚುತ್ತಲೇ ಇದ್ದೇನೆ, ಮಾಯುತ್ತಿಲ್ಲ.”

ಆಕೆ ಅವಳ ಕೈಬೆರಳಿನಿಂದ ಒಂದು ಹನಿ ರಕ್ತ ತೆಗೆಸಿದಳು. ಸಕ್ಕರೆ ಇನ್ನೂರ ತೊಂಬತ್ತು ಇತ್ತು.

“ಏನು ಉಣ್ಣುತ್ತೀರಮ್ಮ ನೀವು?”

“ನನ್ನ ಊಟ ಉಣ್ಣುತ್ತೇನೆ.” ಸ್ವಲ್ಪ ತಡೆದು ಸೇರಿಸಿದಳು: “ಇವರದೂ.”

“ಅಕ್ಕಿಯನ್ನೇ ಕಡಿಮೆ ಹಾಕಬಾರದಿತ್ತೇ?”

“ಇವರು ಗುಂಡುಕಲ್ಲಿನ ಹಾಗೆ ಎದುರಿಗೆ ಕೂತಿರುವಾಗ ಇವರ ಪಾವು ತೆಗೆದಿಡಲೇ? ಬಿಡ್ತು ಅನ್ನಿ!”

ಆಕೆ ಬಿಡ್ತು ಅಂದಳು. ಆಮೇಲೆ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟಳು. ಅಲ್ಲಿ ಆ ಕಾಲ್ಬೆರಳನ್ನು ತೆಗೆದರು. ಪಾದ ಉಳಿಯಿತು.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧನಿಗೆ ತಡೆಯಲಾಗಲಿಲ್ಲ.

“ಒಂದೇ ಮನೆ, ಒಂದೇ ಪಾತ್ರೆಯ ಅನ್ನ. ಇಡೀ ವರ್ಷ ಆ ಮನುಷ್ಯನಿಗೆ ಏನೂ ಕಾಣಲಿಲ್ಲವೇ, ಗುರುಗಳೇ?”

“ಹೇಗೆ ಕಾಣಬೇಕು? ಅವನು ತನ್ನ ತಟ್ಟೆಯಿಂದ ಕಣ್ಣು ತೆಗೆದಿರಲಿಲ್ಲ.”

ಮರುಳಸಿದ್ಧ ಎದ್ದು, ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು ಅಡುಗೆಮನೆಯ ಕಡೆ ನಡೆದ.