ಜುಟ್ಟಕ್ಕನ ಸ್ಪಷ್ಟನೆ

ಬಂಡೆಕಾಡು ಮತ್ತು ಕೆರೆಕಾಡು ಅಕ್ಕಪಕ್ಕದ ಕಾಡುಗಳು. ನಡುವೆ ಒಂದು ಕಳ್ಳಿಬೇಲಿ, ಅಷ್ಟೇ. ನೀರು ಯಾವ ಕಡೆ ಇತ್ತೆಂದು ಹೆಸರು ಕೇಳಿದರೇ ಗೊತ್ತಾಗುತ್ತದಲ್ಲವೇ ಮಕ್ಕಳೇ? ಬೇಸಗೆ ಬಂತೆಂದರೆ ಬಂಡೆಕಾಡಿನ ಒರತೆಗಳೆಲ್ಲ ಬತ್ತಿಹೋಗುತ್ತಿದ್ದವು. ಆಗ ಅಲ್ಲಿನ ಪ್ರಾಣಿಗಳು ಬೇಲಿ ದಾಟಿ ಕೆರೆಕಾಡಿನ ಕೆರೆಯಲ್ಲಿ ನೀರು ಕುಡಿದು ಬರುತ್ತಿದ್ದವು. ಹಾಗೆ ಕುಡಿಯಬಹುದೆಂದು ಕೆರೆಕಾಡಿನ ದೊರೆ, ಆನೆ ಗಂಭೀರಪ್ಪ, ಮಾತು ಕೊಟ್ಟಿದ್ದ.

ಈ ಸ್ನೇಹ ಕೆಡದಂತೆ ನೋಡಿಕೊಳ್ಳಲು ಬಂಡೆಕಾಡಿನವರು ಪಿಕಳಾರ ಹಕ್ಕಿ ಜುಟ್ಟಕ್ಕನನ್ನು ಕೆರೆಕಾಡಿಗೆ ರಾಯಭಾರಿಯಾಗಿ ಕಳುಹಿಸಿದ್ದರು. ಇಂಪಾದ ಗಂಟಲು, ಬೆಣ್ಣೆಯಂಥ ಮಾತು, ತಲೆಯ ಮೇಲೆ ಚೂಪು ಜುಟ್ಟು. ಎಲ್ಲ ಚೆನ್ನಾಗಿಯೇ ಇತ್ತು. ಆದರೆ ಅವಳಿಗೊಂದು ಚಾಳಿ. ಯಾವ ಮಾತನ್ನೂ "ಹೋಗಲಿ ಬಿಡು" ಎನ್ನಲಾರಳು. ಎಲ್ಲಕ್ಕೂ ಸ್ಪಷ್ಟನೆ ಕೊಡಬೇಕು! ಆಲದ ಹಣ್ಣೊಂದು ಉದುರಿದರೆ, "ಉದುರಿಸಿದ್ದು ನಾನಲ್ಲ, ಗಾಳಿ" ಎಂದು ಮರದ ಕೆಳಗಿದ್ದವರಿಗೆಲ್ಲ ಹೇಳಿ ಬರುವಳು. ಅವಳನ್ನು ಕೇಳಿದವರಾದರೂ ಯಾರು? ಒಬ್ಬರೂ ಇಲ್ಲ.

ಬಂಡೆಕಾಡಿನ ಅಂಚಿನಲ್ಲಿ ಒಬ್ಬ ಓತಿಕ್ಯಾತನಿದ್ದ. ಅವನಿಗೆ ದೊಡ್ಡ ನಾಯಕನಾಗುವ ಹುಚ್ಚು. ಚುನಾವಣೆಗೆ ನಿಂತಾಗಲೆಲ್ಲ ಸೋಲು. ಆದರೂ ದಿನಾ ಬೇಲಿಯ ಮೇಲೆ ಹತ್ತಿ ಭಾಷಣ ಬಿಗಿಯುತ್ತಿದ್ದ. ತಾನು ಆಡಿದ ಮಾತಿಗೆ ತಾನೇ ತಲೆಯಾಡಿಸುತ್ತಿದ್ದ.

ಒಂದು ಬೆಳಗ್ಗೆ ಅವನು ಕತ್ತು ಉಬ್ಬಿಸಿ ಕೂಗಿದ: "ಗಂಭೀರಪ್ಪನಿಗೆ ದಂತ ಯಾಕಿಲ್ಲ ಗೊತ್ತೇನ್ರೋ? ಒಂದು ಹಂದಿ ಅಟ್ಟಿಸಿಕೊಂಡು ಬಂತು. ಹೆದರಿ ಓಡುವಾಗ ದೊರೆ ಮುಗ್ಗರಿಸಿ ಬಿದ್ದ. ಎರಡೂ ದಂತ ಪಟಕ್ಕನೆ ಮುರಿದವು! ಇಂಥ ಹೇಡಿಗೆ ಕೆರೆ ಯಾಕೆ? ಅದು ನಮ್ಮದೇ ಕೆರೆ!"

ಕೇಳಿದ್ದು ನಾಲ್ಕಾರು ಇರುವೆಗಳು. ಅವೂ ಸತ್ತ ಮಿಡತೆಯೊಂದನ್ನು ಎಳೆಯುವ ಗಡಿಬಿಡಿಯಲ್ಲಿದ್ದವು, ನಿಲ್ಲದೆ ಮುಂದೆ ಹೋದವು.

ಆದರೆ ಮೇಲೆ ಹಾರಿಹೋಗುತ್ತಿದ್ದ ಜುಟ್ಟಕ್ಕನ ಕಿವಿಗೆ ಅದು ಬಿತ್ತು. ಅವಳ ಜುಟ್ಟು ನೆಟ್ಟಗೆ ನಿಂತಿತು. "ಅಯ್ಯೋ, ಇದು ದೊರೆಗೆ ಗೊತ್ತಾದರೆ ನಮ್ಮ ನೀರಿನ ಗತಿ? ಈಗಲೇ ಸ್ಪಷ್ಟನೆ ಕೊಟ್ಟುಬಿಡಬೇಕು!" ಎಂದು ಕೆರೆಕಾಡಿಗೆ ಹಾರಿದಳು.

ಕೆರೆಯ ದಡದಲ್ಲಿ ದೊರೆಯ ಮಂತ್ರಿ, ನೀರುಕಾಗೆ ನೀಲಪ್ಪ, ರೆಕ್ಕೆ ಹರಡಿ ಬಿಸಿಲು ಕಾಯುತ್ತಿದ್ದ.

"ನೀಲಪ್ಪನವರೇ, ನಿಮ್ಮ ದೊರೆ ಹಂದಿಗೆ ಹೆದರಿ ಓಡಿ ದಂತ ಮುರಿದುಕೊಂಡರು ಅನ್ನೋದನ್ನ ನಾವು ಖಂಡಿತ ಒಪ್ಪೋದಿಲ್ಲ."

ನೀಲಪ್ಪ ಕಣ್ಣು ಪಿಳಿಪಿಳಿ ಬಿಟ್ಟ. "ಯಾವ ಹಂದಿ?"

"ಯಾವ ಹಂದಿಯೂ ಇಲ್ಲ! ಅದನ್ನೇ ಹೇಳ್ತಿರೋದು."

"ಇಲ್ಲದ ಹಂದಿಯ ಮಾತು ಯಾಕೆ ಬಂತು ಜುಟ್ಟಕ್ಕ?"

ಇವನಿಗೆ ಸರಿಯಾಗಿ ಅರ್ಥವಾಗಲಿಲ್ಲ ಎಂದುಕೊಂಡಳು ಜುಟ್ಟಕ್ಕ. ಜಿಂಕೆಗಳಿಗೆ ಹೇಳಿದಳು, ಮಂಗಗಳಿಗೆ ಹೇಳಿದಳು, ಕಪ್ಪೆಗಳಿಗೂ ಬಿಡಲಿಲ್ಲ. "ಹಂದಿಯ ಸುದ್ದಿ ಶುದ್ಧ ಸುಳ್ಳು, ನಂಬಬೇಡಿ!" ಎಂದು ಮರಮರಕ್ಕೂ ಸಾರಿದಳು. ಹಂದಿಯ ಸುದ್ದಿ ಏನೆಂದು ಗೊತ್ತೇ ಇಲ್ಲದವರು, "ಏನದು? ಏನದು?" ಎಂದು ಕಿವಿ ನಿಮಿರಿಸಿದರು. ಅವಳು ಅದನ್ನೂ ಬಿಡಿಸಿ ಹೇಳಿದಳು!

ಸಂಜೆಯ ಹೊತ್ತಿಗೆ ಆನೆಮರಿಗಳು ದೊರೆಯನ್ನು ಮುತ್ತಿಕೊಂಡವು. "ತಾತಾ, ತಾತಾ, ಆ ಹಂದಿ ಎಷ್ಟು ದಪ್ಪ ಇತ್ತು?"

ಗಂಭೀರಪ್ಪ ಕೆಂಡಾಮಂಡಲವಾದ. "ಇದು ಬಂಡೆಕಾಡಿನ ಮಾತು ತಾನೇ? ಇನ್ನು ಅಲ್ಲಿಯವರು ಯಾರೂ ನನ್ನ ಕೆರೆಗೆ ಮೂತಿ ಇಡಕೂಡದು!"

ಮರುದಿನ ನೀರಿಗೆ ಬಂದ ಬಂಡೆಕಾಡಿನ ಜಿಂಕೆಯೊಂದನ್ನು ಕಾವಲಿನವರು ಬೇಲಿಯ ಬಳಿಯೇ ತಡೆದರು. ಅದರ ಜೊತೆಗಿದ್ದ ಪುಟ್ಟ ಮರಿ ಬಾಯಾರಿಕೆ ತಾಳಲಾರದೆ ತಾಯಿಯ ಒದ್ದೆ ಮೂಗನ್ನೇ ನೆಕ್ಕತೊಡಗಿತು. ಅದು ಜುಟ್ಟಕ್ಕನ ಕಣ್ಣಿಗೆ ಬಿತ್ತು. ಅವಳು ನೇರವಾಗಿ ದೊರೆಯ ಮುಂದೆ ಹೋಗಿ ಕೂತಳು.

"ಮಹಾಪ್ರಭು, ಎರಡು ಕಾಡುಗಳ ಅನಾದಿ ಕಾಲದ ಮೈತ್ರಿಯನ್ನು ಗಮನದಲ್ಲಿಟ್ಟು..."

"ಸುತ್ತಿ ಬಳಸಬೇಡ. ಯಾರು ಹೇಳಿದ್ದು?"

"ಬೇಲಿಯ ಮೇಲಿನ ಓತಿಕ್ಯಾತ, ಪ್ರಭು."

"ಕೇಳಿದವರು?"

"ನಾಲ್ಕಾರು ಇರುವೆ. ಅವೂ ನಿಂತು ಕೇಳಲಿಲ್ಲ."

"ಹಾಗಾದರೆ ನನ್ನ ಕಾಡಿನ ತುಂಬ ಹೇಗೆ ಹಬ್ಬಿತು?"

ಜುಟ್ಟಕ್ಕನ ಜುಟ್ಟು ಮೆಲ್ಲಗೆ ಮಲಗಿತು. "ನಾನೇ ಹಬ್ಬಿಸಿದೆ ಪ್ರಭು. ಸುಳ್ಳು ಅಂತ ಹೇಳಿ ಹೇಳಿ ಹಬ್ಬಿಸಿದೆ. ತಪ್ಪು ನನ್ನದು. ಪಾಪ, ಬಾಯಾರಿ ನಿಂತಿರೋ ಆ ಮರಿ ಏನು ಮಾಡಿತ್ತು?"

ಗಂಭೀರಪ್ಪ ಅವಳನ್ನೇ ನೋಡಿದ. ಆಮೇಲೆ ಅವನ ಹೊಟ್ಟೆ ಕುಲುಕತೊಡಗಿತು. ಇಡೀ ಕೆರೆ ಅಲೆಯೇಳುವಂತೆ ನಕ್ಕುಬಿಟ್ಟ. "ಓತಿಕ್ಯಾತನಿಗೆ ಬೇಲಿ ಸಾಕ್ಷಿ ಅಂತ ಬಿಟ್ಟುಬಿಡೋದಲ್ಲವೇನೇ! ನಾನು ಹುಟ್ಟಿದ್ದೇ ದಂತ ಇಲ್ಲದೆ. ಇಲ್ಲಿ ಎಲ್ಲರಿಗೂ ಗೊತ್ತು. ನೀನು ಬಂದು ಹೇಳಿದ ಮೇಲೇ ಅವರಿಗೆ ಅನುಮಾನ ಬಂದದ್ದು. ಹೋಗಲಿ, ನಿಮ್ಮವರು ಬಂದು ನೀರು ಕುಡಿಯಲಿ. ಆದರೆ ಬೇಸಗೆ ಮುಗಿಯೋವರೆಗೆ ನಿನ್ನ ಬಾಯಿಂದ ಒಂದೇ ಒಂದು ಸ್ಪಷ್ಟನೆ ಬಂದರೂ ಕೆರೆಯ ದಾರಿ ಮತ್ತೆ ಬಂದ್!"

"ಅಪ್ಪಣೆ ಪ್ರಭು!"

ಜಿಂಕೆ ಮರಿ ಓಡೋಡಿ ಬಂದು ನೀರಿಗೆ ಬಾಯಿಟ್ಟಿತು. ಜುಟ್ಟಕ್ಕನೂ ಅದರ ಪಕ್ಕದಲ್ಲಿ ಕೂತಳು. ಅಷ್ಟರಲ್ಲಿ ಮೇಲಿನ ಕೊಂಬೆಯಿಂದ ಮಂಗವೊಂದು ಕಿರುಚಿತು: "ಕೇಳಿದಿರಾ? ಜುಟ್ಟಕ್ಕ ದೊರೆಯ ಕಾಲಿಗೆ ಬಿದ್ದು ಗೊಳೋ ಅಂತ ಅತ್ತಳಂತೆ! ಕೊಕ್ಕಿನ ತುದಿಯಲ್ಲಿ ಗೊಣ್ಣೆಯೂ ಇತ್ತಂತೆ!"

ಜುಟ್ಟಕ್ಕನ ಜುಟ್ಟು ಚಟ್ಟನೆ ಎದ್ದಿತು. "ಗೊಣ್ಣೆಯಾ?" ಎನ್ನಲು ಕೊಕ್ಕು ತೆರೆದೇಬಿಟ್ಟಿತ್ತು. ಅವಳು ಪಕ್ಕಕ್ಕೆ ನೋಡಿದಳು. ಮರಿ ಕಣ್ಣು ಮುಚ್ಚಿಕೊಂಡು ಗಟಗಟ ಕುಡಿಯುತ್ತಿತ್ತು.

ತೆರೆದ ಕೊಕ್ಕನ್ನು ಜುಟ್ಟಕ್ಕ ಹಾಗೆಯೇ ನೀರಿಗಿಳಿಸಿದಳು. ಹೊಟ್ಟೆ ತುಂಬ ಕುಡಿದಳು. ಮಂಗ ಇನ್ನೂ ಎರಡು ಸಲ ಕೂಗಿ ಉತ್ತರಕ್ಕೆ ಕಾಯಿತು. ಯಾರೂ ಏನೂ ಹೇಳದಿದ್ದಾಗ ಬೇಸರವಾಗಿ ಬೆನ್ನು ಕೆರೆದುಕೊಳ್ಳುತ್ತ ಹೊರಟುಹೋಯಿತು.

ನೀತಿ: ಯಾರೂ ಕೇಳದ ಸುಳ್ಳನ್ನು ಸುಳ್ಳೆಂದು ಸಾರುತ್ತ ಮನೆಮನೆಗೆ ಹೋದವರೇ ಅದನ್ನು ಮನೆಮನೆಗೆ ಮುಟ್ಟಿಸುತ್ತಾರೆ.