ವೆಬ್‌ಸೈಟಿಗೆ ಹಾಕಿದ ಹಾರ

ಹುಬ್ಬಳ್ಳಿಯಲ್ಲಿ ಒಂದು ಪಂಪಿನ ಕಾರ್ಖಾನೆ. ಅದರ ವೆಬ್‌ಸೈಟಿನಲ್ಲಿ ಹುಡುಕಿದರೂ ಪಂಪು ಸಿಗುತ್ತಿರಲಿಲ್ಲ. ತೆರೆದರೆ ಬರೀ ಮಾಲೀಕ ಸಾಹುಕಾರರ ಭಾಷಣ. ಗಿರಾಕಿಗಳು ಬೇರೆ ಕಡೆ ಹೋದರು. ಎರಡನೇ ಪಾಳಿ ನಿಂತಿತು. ಉಳಿದ ಒಂದು ಪಾಳಿಯೂ ನಿಲ್ಲುವ ಹಾಗಿತ್ತು.

ಗುಮಾಸ್ತ ಸಾಹುಕಾರರ ಹತ್ತಿರ ಹೋಗಿ ಹೇಳಿದ. "ಮೊದಲನೇ ಪುಟದಾಗ ಪಂಪು, ಅದರ ಅಳತಿ, ನಮ್ಮ ಫೋನ್ ನಂಬರ್ ಹಾಕೂಣ್ರಿ."

"ಪಂಪು ಯಾರು ಬೇಕಾದ್ರೂ ಮಾಡ್ತಾರ. ಜನಾ ಬರೂದು ನನ್ನ ಮಾರಿ ನೋಡಿ. ಪುಟದ ತುಂಬ ನನ್ನ ಫೋಟೋ ಹಾಕು."

"ಆತ್ರಿ," ಅಂದ ಗುಮಾಸ್ತ.

ಸಾಹುಕಾರರಿಗೆ ಸನ್ಮಾನ ಆದಾಗಿನ ಫೋಟೋ ಒಂದಿತ್ತು. ಗುಮಾಸ್ತ ಅದರಲ್ಲಿ ಸುತ್ತಲಿನವರನ್ನೆಲ್ಲ ಕತ್ತರಿಸಿದ. ಮುಖ ಉಳಿಯಿತು, ಕೊರಳಲ್ಲಿ ಹಾರ ಉಳಿಯಿತು. ಅದನ್ನೇ ಹಾಕಿದ. ಸಾಹುಕಾರರು ನೋಡಿ ಮೀಸೆ ತಿರುವಿದರು.

ಮರುದಿನ ಗದಗಿನ ಹಳೇ ಗಿರಾಕಿ ಫೋನ್ ಮಾಡಿದ. ಸಾಹುಕಾರರೇ ಎತ್ತಿದರು.

"ವೆಬ್‌ಸೈಟಿನಾಗ ಫೋಟೋ ನೋಡಿ ಭಾಳ ಕೆಟ್ಟನಿಸ್ತ್ರಿ. ಸಾಹುಕಾರ್ರ ಮಣ್ಣು ಯಾವಾಗ ಐತ್ರಿ?"

"ನಾನಽ ಸಾಹುಕಾರ ಮಾತಾಡಾಕತ್ತೀನಿ."

"ಓ, ಮಗಾ ಏನ್ರಿ? ದನಿ ಥೇಟ್ ಅಪ್ಪಂದಽ ಐತಿ. ಸಮಾಧಾನ ಮಾಡ್ಕೋರಿ."

ಸಂಜೆತನಕ ಅಂಥವೇ ಫೋನು. ಸಾಹುಕಾರರು ಬೆವೆತು ಗುಮಾಸ್ತನನ್ನು ಕರೆದರು.

"ನನ್ನ ತಗಿ. ಪಂಪು ಹಾಕು. ಹಾರದ ಫೋಟೋನಽ ಯಾಕ ಹಾಕಿದ್ಯೋ?"

"ಬರೀ ಮಾರಿ ಇದ್ರ ಗಿರಾಕಿ ನಿಲ್ಲಂಗಿಲ್ಲಂತ ನಿಮಗ ತೋರಸಾಕ್ರಿ. ನಮ್ಮ ಮನ್ಯಾಗ ತೀರಿಹೋದ ನನ್ನ ಹೆಂಡ್ತಿ ಫೋಟೋ ಹಂಗಽ ಐತ್ರಿ. ಬಂದವರು ಕೈ ಮುಗಿದು ಹೊಳ್ಳಿ ಹೋಗ್ತಾರ. ಯಾರೂ ಕುಂತು ಮಾತಾಡಂಗಿಲ್ಲ."

ಸಾಹುಕಾರರು ಅವನ ಕಡೆ ಒಂದು ಕುರ್ಚಿ ಸರಿಸಿ, "ಕುಂದ್ರು," ಅಂದರು.